ಮಿಸ್ ಕಾಲ್

ಬಸ್ಸು ‘ಮಿಸ್ ಆಗುತ್ತದೆ’, ಆದರೆ ಮಿಸ್ ಕಾಲನ್ನು ‘ಕೊಡುತ್ತೇವೆ’. ಇಂಗ್ಲಿಷಿನ ‘ಮಿಸ್ಡ್ ಕಾಲ್’ ಎಂದರೆ ಎತ್ತಲಾಗದೆ ತಪ್ಪಿಹೋದ ಕರೆ. ಕನ್ನಡದ ನಾಲಿಗೆ ಅದರ ‘ಡ್’ ಉದುರಿಸಿ ‘ಕೊಡು’ ಸೇರಿಸಿತು. ತಪ್ಪಿಹೋದದ್ದು ಬೇಕೆಂದೇ ಕಳಿಸುವ ಸುದ್ದಿಯಾಯಿತು. ಮಾತು, ಮನಸ್ಸು, ಮುತ್ತು ಕೊಡುವ ಕ್ರಿಯಾಪದವೇ ಇಲ್ಲಿಗೂ ಬಂದದ್ದು ನನಗೆ ಬಹಳ ಇಷ್ಟ.

2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಇದಕ್ಕೆ ಬಲ ಬಂತು. ಎತ್ತದಿದ್ದರೆ ಮಾಡಿದವರಿಗೂ ಕಾಸು ಖರ್ಚಿಲ್ಲ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಂಥ ಊರಲ್ಲಿ ಆಗ ಎಷ್ಟೋ ಮನೆಗೆ ಒಂದೇ ಫೋನು, ಅದೂ ಅಪ್ಪನ ಅಂಗಿ ಜೇಬಿನಲ್ಲಿ. ಗೆಳತಿಯರು ಸನ್ನೆ ಮಾಡಿಕೊಳ್ಳುತ್ತಿದ್ದರು: ಒಂದು ರಿಂಗಾದರೆ ಮನೆ ಸೇರಿದೆ, ಎರಡಾದರೆ ಬಸ್ ಸ್ಟ್ಯಾಂಡಿಗೆ ಬಾ. ಪ್ರೀತಿಯಲ್ಲಿದ್ದವರಿಗೆ ರಾತ್ರಿಯ ಒಂದೇ ರಿಂಗು ಸಾಕು, ‘ನೆನಪಾದೆ’ ಎಂದು ಅರ್ಥ. ಅಪ್ಪ ನೋಡುವ ಮೊದಲು ಆ ನಂಬರು ಅಳಿಸಬೇಕು. ಗುಂಡಿ ಒತ್ತುವ ಬೆರಳು ನಡುಗುತ್ತಿತ್ತು.

2016ರಲ್ಲಿ ಜಿಯೋ ಬಂದು ಕರೆಯ ಖರ್ಚಿನ ಚಿಂತೆ ಹೋಯಿತು. ಬ್ಲೂ ಟಿಕ್ ಬಂದರೂ ರಿಪ್ಲೈ ಬರಲಿಲ್ಲವೆಂಬುದು ಈಗಿನ ಪಿಯುಸಿ ಮಕ್ಕಳ ಮುನಿಸು. ಆದರೂ ಹೊಸ ಪರಿಚಯವಾದಾಗ ಅವರ ಬಾಯಲ್ಲೂ ಬರುವುದು ಇದೇ: ‘ಒಂದ್ ಮಿಸ್ ಕಾಲ್ ಕೊಡು, ಸೇವ್ ಮಾಡ್ಕೊತೀನಿ.’