ಕಾಲಿನ ಅಪಧಮನಿಗಳ ಸಿ.ಟಿ. ಆಂಜಿಯೋಗ್ರಫಿ

ಕಾಲಿನ ಅಪಧಮನಿಗಳ ಸಿ.ಟಿ. ಆಂಜಿಯೋಗ್ರಫಿಯು ಹೊಟ್ಟೆಯ ಮಹಾಪಧಮನಿಯಿಂದ ಪಾದದವರೆಗಿನ ರಕ್ತನಾಳಗಳನ್ನು ಚಿತ್ರಿಸುವ ಕ್ಷ-ಕಿರಣ ಪರೀಕ್ಷೆಯಾಗಿದೆ. ಕೈಯ ಅಭಿಧಮನಿಗೆ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ ದ್ರವವನ್ನು ಚುಚ್ಚಿ, ಅದು ಅಪಧಮನಿಗಳಲ್ಲಿ ಹರಿಯುವಾಗ ಚಿತ್ರ ತೆಗೆಯಲಾಗುತ್ತದೆ. ಮಧುಮೇಹ ಅಥವಾ ಧೂಮಪಾನದಿಂದ ಕಾಲಿನ ರಕ್ತನಾಳಗಳು ಕಿರಿದಾದಾಗ, ಬಲೂನ್ ಚಿಕಿತ್ಸೆ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಯೋಜಿಸಲು ಇದು ನೆರವಾಗುತ್ತದೆ.

== ಕಾಂಟ್ರಾಸ್ಟ್ ಕೊರತೆಗೆ ಕಾರಣ ==
ಕಾಲಿನಲ್ಲಿ ರಕ್ತ ಹರಿಯುವ ವೇಗ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ಮಹಾಪಧಮನಿಯಿಂದ ಮಂಡಿಯ ಹಿಂಭಾಗ ತಲುಪಲು ಕಾಂಟ್ರಾಸ್ಟ್ ದ್ರವಕ್ಕೆ ಕೆಲವರಲ್ಲಿ ಸುಮಾರು 4 ಸೆಕೆಂಡು ಸಾಕಾದರೆ, ರಕ್ತನಾಳ ರೋಗವಿರುವ ಕೆಲವರಲ್ಲಿ 20 ಸೆಕೆಂಡಿಗೂ ಹೆಚ್ಚು ಬೇಕಾಗುತ್ತದೆ. ವೇಗದ ಯಂತ್ರದ ಮೇಜು ದ್ರವಕ್ಕಿಂತ ಮುಂದೆ ಸಾಗಿದರೆ, ತೆರೆದಿರುವ ಮೀನಖಂಡದ ನಾಳವೂ ಮುಚ್ಚಿದಂತೆ ಕಾಣುತ್ತದೆ. ಅಂತಹ ನಾಳವನ್ನು ಗುರುತಿಸದಿದ್ದರೆ ಕಾಲನ್ನು ಉಳಿಸುವ ಅವಕಾಶವೇ ತಪ್ಪಿಹೋಗಬಹುದು.

== ಸುಧಾರಣಾ ಕ್ರಮಗಳು ==
* '''ಸಮಯ ನಿರ್ಣಯ:''' ಮಹಾಪಧಮನಿಯಲ್ಲಿ ದ್ರವ ನಿಗದಿತ ಸಾಂದ್ರತೆ ಮುಟ್ಟಿದ ಮೇಲಷ್ಟೇ ಚಿತ್ರೀಕರಣ ಆರಂಭಿಸಲಾಗುತ್ತದೆ.
* '''ನಿಧಾನ ಚಲನೆ:''' ಮೇಜನ್ನು ಸೆಕೆಂಡಿಗೆ ಸುಮಾರು 30 ಮಿಲಿಮೀಟರ್ ಮೀರದಂತೆ ಚಲಿಸಿ, ಸುಮಾರು 40 ಸೆಕೆಂಡುಗಳಲ್ಲಿ ಪಾದ ತಲುಪುವಂತೆ ಮಾಡಲಾಗುತ್ತದೆ.
* '''ಎರಡನೆಯ ಚಿತ್ರೀಕರಣ:''' ಮೀನಖಂಡದಲ್ಲಿ ದ್ರವ ಕಾಣದಿದ್ದರೆ, ಹೊಸ ಚುಚ್ಚುಮದ್ದಿಲ್ಲದೆ ಕೂಡಲೇ ಮಂಡಿಯಿಂದ ಕೆಳಗಿನ ಭಾಗವನ್ನು ಮತ್ತೆ ಚಿತ್ರಿಸಲಾಗುತ್ತದೆ.
* '''ಕಡಿಮೆ ವೋಲ್ಟೇಜ್:''' 33.2 ಕಿಲೋಎಲೆಕ್ಟ್ರಾನ್‌ವೋಲ್ಟ್‌ಗಿಂತ ತುಸು ಹೆಚ್ಚಿನ ಶಕ್ತಿಯ ಕ್ಷ-ಕಿರಣಗಳನ್ನು ಅಯೋಡಿನ್ ಹೆಚ್ಚಾಗಿ ಹೀರುತ್ತದೆ. ಆದ್ದರಿಂದ 120ರ ಬದಲು 80 ಅಥವಾ 100 ಕಿಲೋವೋಲ್ಟ್ ಬಳಸಿದರೆ ಕಡಿಮೆ ದ್ರವದಲ್ಲೂ ನಾಳಗಳು ಪ್ರಕಾಶಮಾನವಾಗಿ ಕಾಣುತ್ತವೆ.
* '''ಲವಣದ್ರಾವಣ:''' ಕಾಂಟ್ರಾಸ್ಟ್‌ನ ಬೆನ್ನಿಗೇ ಇದನ್ನು ಚುಚ್ಚಿದರೆ, ಕೈಯ ಅಭಿಧಮನಿಯಲ್ಲಿ ಉಳಿದ ದ್ರವವೂ ಮುಂದಕ್ಕೆ ಹರಿಯುತ್ತದೆ.

== ಮಿತಿಗಳು ==
ದ್ರವದ ಪ್ರಮಾಣವನ್ನು ಹೆಚ್ಚಿಸುವುದೊಂದೇ ಪರಿಹಾರವಲ್ಲ. ಮೂತ್ರಪಿಂಡಗಳು ದುರ್ಬಲವಾಗಿರುವವರಿಗೆ ಅದು ಅಪಾಯ ತರಬಹುದು. ಆದುದರಿಂದ ಅಂತಹವರಿಗೆ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಲಾಗುತ್ತದೆ. ನಾಳದ ಗೋಡೆಯಲ್ಲಿ ಗಟ್ಟಿಯಾದ ಕ್ಯಾಲ್ಸಿಯಂ ಕೂಡ ಬಿಳಿಯಾಗಿ ಕಾಣುವುದರಿಂದ, ಸಣ್ಣ ನಾಳಗಳಲ್ಲಿ ಅಡಚಣೆಯನ್ನು ಅಳೆಯುವುದು ಕಷ್ಟ.

== ಮೈಸೂರು ಜಿಲ್ಲೆಯಲ್ಲಿ ==
ನಂಜನಗೂಡು ಮೈಸೂರಿನಿಂದ ಸುಮಾರು 23 ಕಿ.ಮೀ., ಟಿ. ನರಸೀಪುರ ಸುಮಾರು 30 ಕಿ.ಮೀ. ದೂರದಲ್ಲಿವೆ. 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯು ಮೈಸೂರು ನಗರದಲ್ಲಿದೆ. ತಾಲ್ಲೂಕುಗಳಿಂದ ನಗರಕ್ಕೆ ಬರುವ ರೋಗಿಯ ಚಿತ್ರ ಅಸ್ಪಷ್ಟವಾದರೆ ಮತ್ತೊಂದು ಪ್ರಯಾಣದ ಜೊತೆಗೆ ಕಾಂಟ್ರಾಸ್ಟ್ ಮತ್ತು ವಿಕಿರಣಗಳಿಗೂ ಮತ್ತೆ ಒಳಗಾಗಬೇಕಾಗುತ್ತದೆ. ರೋಗಿ ಮೇಜಿನ ಮೇಲಿರುವಾಗಲೇ ಮೀನಖಂಡದ ಚಿತ್ರಗಳನ್ನು ಪರಿಶೀಲಿಸುವುದು ಈ ಕಾರಣದಿಂದಲೂ ಮುಖ್ಯವಾಗುತ್ತದೆ.