ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಚಿತ್ರನಟರ ಜನಪ್ರಿಯತೆ

ಕರ್ನಾಟಕದ ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಮತ್ತು ಬಂಗಾರಪೇಟೆಗಳು ನೆರೆಹೊರೆಯ ಪಟ್ಟಣಗಳಾದರೂ ಚಲನಚಿತ್ರ ಅಭಿರುಚಿಯಲ್ಲಿ ಭಿನ್ನವಾಗಿವೆ. ಗಣಿಗಳಿಗೆ ಕಾರ್ಮಿಕರು ಬಹುಪಾಲು ತಮಿಳು ಜಿಲ್ಲೆಗಳಿಂದ ಬಂದವರಾದ್ದರಿಂದ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳಲ್ಲಿ ತಮಿಳು ಪ್ರಧಾನ ಭಾಷೆಯಾಯಿತು. ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯ ಸುತ್ತಲಿನ ಗ್ರಾಮಗಳಲ್ಲಿ ಕನ್ನಡ ಮತ್ತು ತೆಲುಗು ಬಳಕೆಯಲ್ಲಿವೆ. ಹೀಗಾಗಿ ಒಂದೇ ರೈಲು ಕವಲಿನ ಎರಡು ತುದಿಗಳಲ್ಲಿ ಎಂ. ಜಿ. ರಾಮಚಂದ್ರನ್, ಶಿವಾಜಿ ಗಣೇಶನ್ ಮತ್ತು ಗಾಯಕ-ನಟ ರಾಜ್‌ಕುಮಾರ್ ಅವರ ಅಭಿಮಾನಿಗಳು ಕಂಡುಬಂದರು.

ಧ್ವನಿ ಮತ್ತು ತಾರೆ

ಮೂವರಲ್ಲಿ ಗಾಯಕರಾಗಿಯೂ ಹೆಸರಾದವರು ರಾಜ್‌ಕುಮಾರ್ ಮಾತ್ರ. ತಮಿಳಿನ ಇಬ್ಬರೂ ಪ್ರತಿಸ್ಪರ್ಧಿಗಳಿಗೆ ಟಿ. ಎಂ. ಸೌಂದರರಾಜನ್ ಅವರೇ ಹಾಡುತ್ತಿದ್ದುದು ಕುತೂಹಲಕರ. ರಾಜ್‌ಕುಮಾರ್ ಅವರಿಗೆ ಬಹುಕಾಲ ಧ್ವನಿಯಾಗಿದ್ದ ಪಿ. ಬಿ. ಶ್ರೀನಿವಾಸ್, ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರ ಧ್ವನಿಯೂ ಆಗಿದ್ದರು. ಅದೇ ಕಂಠ ಎರಡು ಭಾಷೆಗಳಲ್ಲಿ ಎರಡು ಮುಖಗಳಿಗೆ ಸಲ್ಲುತ್ತಿತ್ತು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ್ದ ರಾಜ್‌ಕುಮಾರ್ 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಹಾಡಿದ್ದರೂ, 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರವೇ ತಮ್ಮ ಪಾತ್ರಗಳಿಗೆ ತಾವೇ ನಿಯತವಾಗಿ ಹಾಡತೊಡಗಿದರು. 1992ರ 'ಜೀವನ ಚೈತ್ರ' ಅವರಿಗೆ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ತಂದಿತು.

ಮತಪೆಟ್ಟಿಗೆಯಲ್ಲಿ ಜನಪ್ರಿಯತೆ

ತಾರೆಯ ಜನಪ್ರಿಯತೆಯನ್ನು ಸಾಮಾನ್ಯವಾಗಿ ಚಿತ್ರ ಓಡಿದ ವಾರಗಳಿಂದ ಅಳೆಯಲಾಗುತ್ತದೆ. ಕೆ.ಜಿ.ಎಫ್.ನಲ್ಲಿ ಅದು ಮತಗಳಲ್ಲಿಯೂ ಕಾಣಿಸಿಕೊಂಡಿತು. ರಾಮಚಂದ್ರನ್ ಸ್ಥಾಪಿಸಿದ ಅಣ್ಣಾ ಡಿಎಂಕೆ ಪಕ್ಷದ ಎಂ. ಭಕ್ತವತ್ಸಲಂ 1983, 1989 ಮತ್ತು 1999ರಲ್ಲಿ ಇಲ್ಲಿಂದ ಕರ್ನಾಟಕ ವಿಧಾನಸಭೆಗೆ ಆಯ್ಕೆಯಾದರು. ಆದರೆ ಈ ಗೆಲುವುಗಳನ್ನು ಕೇವಲ ಅಭಿಮಾನದ ಫಲವೆನ್ನಲಾಗದು. ರಾಮಚಂದ್ರನ್ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದಾಗಲೇ, 1985ರಲ್ಲಿ, ಸಿಪಿಎಂನ ಟಿ. ಎಸ್. ಮಣಿ ಗೆದ್ದರು, ಮುಂದೆ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್ ಸಹ ಆಯ್ಕೆಯಾದರು. ಕಾರ್ಮಿಕ ಸಂಘಟನೆ ಮತ್ತು ದಲಿತ ರಾಜಕಾರಣ ಇಲ್ಲಿ ಬೆಳ್ಳಿತೆರೆಯಷ್ಟೇ ಪ್ರಬಲವಾಗಿದ್ದವು. ಶಿವಾಜಿ ಗಣೇಶನ್ ಅವರ ಸ್ವಂತ ಪಕ್ಷವಂತೂ 1989ರಲ್ಲಿ ತಮಿಳುನಾಡಿನಲ್ಲೇ ವಿಫಲವಾಯಿತು.

ರಾಜ್‌ಕುಮಾರ್ ಯಾವ ಚುನಾವಣೆಗೂ ಸ್ಪರ್ಧಿಸಲಿಲ್ಲ. 1982ರಲ್ಲಿ ಅವರು ನೇತೃತ್ವ ವಹಿಸಿದ ಗೋಕಾಕ್ ಚಳವಳಿ ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನವನ್ನು ಕೇಳಿತು. ಕನ್ನಡಿಗರಲ್ಲಿ ಅವರ ಗೌರವವನ್ನು ಶಿಖರಕ್ಕೇರಿಸಿದ ಇದೇ ಬೇಡಿಕೆ ಭಾಷಾ ಅಲ್ಪಸಂಖ್ಯಾತರಲ್ಲಿ ಆತಂಕ ಮೂಡಿಸಿತು. ತಮಿಳು ಮಾತೃಭಾಷೆಯ ಮಕ್ಕಳು ಹೆಚ್ಚಿದ್ದ ಗಣಿ ಪಟ್ಟಣದಲ್ಲಿ ಒಬ್ಬ ನಟನ ಬಗೆಗಿನ ಒಲವು ಶಾಲೆಯ ಭಾಷೆಯ ಪ್ರಶ್ನೆಯಿಂದ ಬೇರೆಯಾಗಿ ಉಳಿಯುವುದು ಕಷ್ಟವಾಗಿತ್ತು.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಯಶ್ ಅಭಿನಯದ 'ಕೆ.ಜಿ.ಎಫ್: ಅಧ್ಯಾಯ 1' (2018) ಚಿತ್ರದ ಕೆಲವು ಭಾಗಗಳನ್ನು ಇಲ್ಲಿನ ಸಯನೈಡ್ ದಿಬ್ಬಗಳ ಮೇಲೆ ಚಿತ್ರೀಕರಿಸಲಾಯಿತು. ಆ ಕನ್ನಡ ಚಿತ್ರ ತಮಿಳಿನಲ್ಲಿಯೂ ಬಿಡುಗಡೆಯಾಯಿತು.