ಗಾಡಿ ಕಟ್ಟುವ ಕೈಗಳು: ಬುಲೆಟ್, ಜಾವಾದಿಂದ ರೋಬೋಟಿನವರೆಗೆ

ನಮ್ಮ ಹೊಸೂರು ಸೀಮೆಗೆ ಮೋಟಾರ್ ಸೈಕಲ್ ಕಾರ್ಖಾನೆ ಹೊಸದೇನಲ್ಲ. ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಹಳ್ಳಿಗಳಲ್ಲಿ ಬೆಳಗಿನ ಜಾವಕ್ಕೇ ಎದ್ದು ಬುತ್ತಿ ಕಟ್ಟಿಕೊಂಡು ಕಂಪನಿ ಬಸ್ಸು ಹತ್ತುವ ಮಕ್ಕಳು ಬೇಕಾದಷ್ಟು ಜನ ಇದ್ದಾರೆ. ಈಗೀಗ ಅವರ ಅಪ್ಪ ಅಮ್ಮಂದಿರು ಒಂದು ಪ್ರಶ್ನೆ ಕೇಳ್ತಾರೆ: "ಮುಂದೆ ಎಲ್ಲಾ ರೋಬೋಟೇ ಮಾಡುತ್ತಂತಲ್ಲ, ಇನ್ನು ಮಗನನ್ನ ಐಟಿಐಗೆ ಹಾಕಿ ಏನು ಪ್ರಯೋಜನ?" ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಹೇಳುವ ಮುಂಚೆ, ಗಾಡಿಯನ್ನು ಇಷ್ಟು ದಿನ ಯಾರು ಕಟ್ಟಿದರು, ಹೇಗೆ ಕಟ್ಟಿದರು ಅನ್ನೋದನ್ನ ತಿಳಿದುಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ರೆಡ್ಡಿಚ್ ಅಂತ ಒಂದು ಊರು. ಅದು ಹಿಂದೆ ಹೊಲಿಗೆ ಸೂಜಿ ತಯಾರಿಕೆಗೆ ಹೆಸರಾಗಿತ್ತು. ಸೂಜಿ ಮಾಡುತ್ತಿದ್ದ ಒಂದು ಕಾರ್ಖಾನೆ ಕ್ರಮೇಣ ಸೈಕಲ್ ಭಾಗಗಳಿಗೆ, ಆಮೇಲೆ ಸೈಕಲ್ಲಿಗೆ ಕೈಹಾಕಿತು. ಮುಂದೆ ರಾಯಲ್ ಎನ್‌ಫೀಲ್ಡ್ ಆದದ್ದು ಅದೇ. ಅದರ ಮೊದಲ ಮೋಟಾರ್ ಸೈಕಲ್ ಬಂದದ್ದು 1901 ರಲ್ಲಿ. ಬುಲೆಟ್ ಅನ್ನುವ ಹೆಸರು 1932 ರಲ್ಲಿ ಬಂತು.

ಆ ಕಾಲದಲ್ಲಿ ಗಾಡಿ ಕಟ್ಟುವುದೆಂದರೆ ಹೆಚ್ಚುಕಮ್ಮಿ ನಮ್ಮ ಕಮ್ಮಾರರು, ಬಡಗಿಗಳು ಎತ್ತಿನ ಗಾಡಿ ಕಟ್ಟಿದ ಹಾಗೆ. ಉಕ್ಕಿನ ಕೊಳವೆಗಳನ್ನು ಎರಕದ ಮೂಲೆತುಂಡುಗಳಿಗೆ ತೂರಿಸಿ, ಬೆಂಕಿಯಲ್ಲಿ ಕಾಯಿಸಿ, ಹಿತ್ತಾಳೆ ಕರಗಿಸಿ ಬೆಸುಗೆ ಹಾಕಿದರೆ ಗಾಡಿಯ ಚೌಕಟ್ಟು ಆಗುತ್ತಿತ್ತು. ಒಂದು ಭಾಗ ಇನ್ನೊಂದಕ್ಕೆ ಸರಿಯಾಗಿ ಕೂರದಿದ್ದರೆ ಅರ ತಗೊಂಡು ತಿಕ್ಕಿ ತಿಕ್ಕಿ ಕೂರಿಸಬೇಕಿತ್ತು. ಐಟಿಐನಲ್ಲಿ ಇವತ್ತಿಗೂ ಇರುವ 'ಫಿಟ್ಟರ್' ಅನ್ನುವ ಕಸುಬಿನ ಹೆಸರು ಹುಟ್ಟಿದ್ದು ಈ ಕೆಲಸದಿಂದಲೇ. ಫಿಟ್ ಮಾಡುವವನು ಫಿಟ್ಟರ್. ಐಟಿಐ ಸೇರಿದ ಹುಡುಗನ ಕೈಗೆ ಮೊದಲು ಅರ ಕೊಟ್ಟು ಕಬ್ಬಿಣದ ತುಂಡನ್ನು ಚೌಕ ಮಾಡು ಅಂತ ಕೂರಿಸುವುದು ಆ ಹಳೇ ಕಾಲದಿಂದ ಉಳಿದುಬಂದ ಪಾಠ. ಅಂಥ ಫಿಟ್ಟರಿಗೆ ಗಾಡಿ ಪೂರ್ತಿ ಗೊತ್ತಿರುತ್ತಿತ್ತು. ಎಲ್ಲಿ ಏನು ಕೂರುತ್ತೆ, ಯಾಕೆ ಕೂರುತ್ತೆ, ಕೂರದಿದ್ದರೆ ಏನಾಗುತ್ತೆ ಅನ್ನುವುದೆಲ್ಲ ಅವನ ಕೈಗೆ ತಿಳಿದಿತ್ತು.

ಈ ಪದ್ಧತಿಗೆ ಮೊದಲ ಪೆಟ್ಟು ಬಿದ್ದದ್ದು ರೋಬೋಟಿನಿಂದ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ರೋಬೋಟು ಹುಟ್ಟುವುದಕ್ಕೆ ಸುಮಾರು ಐವತ್ತು ವರ್ಷ ಮುಂಚೆ, 1913 ರಲ್ಲಿ, ಅಮೆರಿಕದ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಯಲ್ಲಿ ಚಲಿಸುವ ಸಾಲನ್ನು ಶುರುಮಾಡಿದ. ಕೆಲಸಗಾರ ನಿಂತಲ್ಲೇ ನಿಲ್ಲಬೇಕು, ಗಾಡಿ ಅವನ ಮುಂದೆ ಹಾದುಹೋಗಬೇಕು. ಒಬ್ಬ ಒಂದು ಬೋಲ್ಟ್ ಇಡುತ್ತಾನೆ, ಮುಂದಿನವನು ಅದನ್ನು ಬಿಗಿಯುತ್ತಾನೆ. ಮೊದಲು ಒಂದು ಕಾರಿನ ಚಾಸಿಸ್ ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. ಹೊಸ ಪದ್ಧತಿಯಲ್ಲಿ ಅದು 93 ನಿಮಿಷಕ್ಕೆ ಇಳಿಯಿತು. ಕಾರು ಅಗ್ಗವಾಯಿತು, ಕೆಲಸಗಾರನ ಕೂಲಿಯೂ ಏರಿತು. ಆದರೆ ಅವನಿಗೆ ಈಗ ಕಾರು ಗೊತ್ತಿಲ್ಲ, ತನ್ನ ಪಾಲಿನ ಬೋಲ್ಟು ಮಾತ್ರ ಗೊತ್ತು. ಈ ಬೆಲ್ಟು ಪದ್ಧತಿ ಆಮೇಲೆ ಮೋಟಾರ್ ಸೈಕಲ್ಲಿಗೂ ಬಂತು. ಜಪಾನಿನ ಹೋಂಡಾ ಕಂಪನಿ 1958 ರಲ್ಲಿ ಸೂಪರ್ ಕಬ್ ಅನ್ನುವ ಸಣ್ಣ ಗಾಡಿ ತಂದು, 1960 ರಲ್ಲಿ ಅದಕ್ಕೋಸ್ಕರ ಸುಜುಕಾ ಊರಿನಲ್ಲಿ ದೊಡ್ಡ ಕಾರ್ಖಾನೆಯನ್ನೇ ಕಟ್ಟಿತು. 2017 ರ ಹೊತ್ತಿಗೆ ಆ ಜಾತಿಯ ಗಾಡಿ ಹತ್ತು ಕೋಟಿ ದಾಟಿತ್ತು.

ಇನ್ನು ನಮ್ಮ ಕಡೆಗೆ ಬರೋಣ. ಬುಲೆಟ್ಟಿಗೆ ನಮ್ಮ ಸೈನ್ಯದಿಂದ ಬೇಡಿಕೆ ಬಂದಮೇಲೆ, 1955 ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಕಾರ್ಖಾನೆ ಮದ್ರಾಸಿನ ತಿರುವೊತ್ತಿಯೂರಿನಲ್ಲಿ. ಮೊದಮೊದಲು ಬಿಡಿಭಾಗಗಳು ಇಂಗ್ಲೆಂಡಿನಿಂದ ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ಆಮೇಲೆ ಅಚ್ಚುಗಳು, ಉಪಕರಣಗಳೇ ಹಡಗು ಹತ್ತಿ ಬಂದವು. 1960 ರ ದಶಕ ಶುರುವಾಗುವಷ್ಟರಲ್ಲಿ ಬುಲೆಟ್ ಪೂರಾ ಮದ್ರಾಸಿನಲ್ಲೇ ತಯಾರಾಗುತ್ತಿತ್ತು.

ಅದೇ ಕಾಲಕ್ಕೆ ಮೈಸೂರಿನಲ್ಲಿ ಐಡಿಯಲ್ ಜಾವಾ ಬಂತು. ಜೆಕೊಸ್ಲೊವಾಕಿಯಾ ದೇಶದ ಜಾವಾ ಗಾಡಿಯನ್ನು ಇಲ್ಲಿ ತಯಾರಿಸುವ ಪರವಾನಗಿ ಪಡೆದವರು ರುಸ್ತುಮ್ ಇರಾನಿ, ಫಾರೂಕ್ ಇರಾನಿ. 1961 ರಲ್ಲಿ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. ಹಳೇ ಮೈಸೂರಿನವರು ಯಾದವಗಿರಿಯ ಜಾವಾ ಫ್ಯಾಕ್ಟರಿ ಅಂತ ಇವತ್ತಿಗೂ ಗುರುತು ಹೇಳುತ್ತಾರೆ. 1970 ರ ದಶಕದಲ್ಲಿ ಗಾಡಿಯ ಹೆಸರು ಯೆಜ್ದಿ ಆಯಿತು.

ಈ ಗಾಡಿಗಳಲ್ಲಿ ಕೈಯ ಪಾತ್ರ ಎಷ್ಟಿತ್ತು ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. ಇಂಥ ಇಂಜಿನ್ನಿನ ಕ್ರ್ಯಾಂಕನ್ನು ಎರಡು ಭಾರವಾದ ಗಾಲಿಗಳ ನಡುವೆ ಒಂದು ಗೂಟ ಒತ್ತಿ ಕೂರಿಸಿ ಮಾಡಿರುತ್ತಾರೆ. ಅದು ಕೂದಲೆಳೆಯಷ್ಟು ಓರೆಯಿದ್ದರೂ ಇಂಜಿನ್ ನಡುಗುತ್ತದೆ. ಕೆಲಸಗಾರ ಅದನ್ನು ತಿರುಗಿಸುತ್ತಾ, ಡಯಲ್ ಗೇಜಿನ ಮುಳ್ಳು ನೋಡುತ್ತಾ, ಮೆತ್ತನೆಯ ಲೋಹದ ಸುತ್ತಿಗೆಯಿಂದ ಹೊಡೆದು ನೇರ ಮಾಡಬೇಕು. ಎಲ್ಲಿಗೆ, ಎಷ್ಟು ಜೋರಾಗಿ ಹೊಡೆಯಬೇಕು ಅನ್ನುವುದು ಅವನ ತೋಳಿಗೆ ಗೊತ್ತಿರಬೇಕು. ಇನ್ನೊಂದು, ಬುಲೆಟ್ ಟ್ಯಾಂಕಿನ ಮೇಲಿನ ಬಂಗಾರದ ಬಣ್ಣದ ಗೆರೆ. ಉದ್ದ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಅಳತೆಪಟ್ಟಿಯಿಲ್ಲದೆ ಒಂದೇ ಎಳೆತಕ್ಕೆ ಎಳೆಯುವ ಗೆರೆ ಅದು. ಮದ್ರಾಸಿನ ಒಂದೇ ಮನೆಯ ಅಣ್ಣತಮ್ಮಂದಿರು ಇದಕ್ಕೆ ಹೆಸರಾದರು. ದೊಡ್ಡ ಹೊಸ ಕಾರ್ಖಾನೆ ಬಂದಮೇಲೂ ಆ ಗೆರೆ ಎಳೆಯುವ ಕೈಗಳನ್ನು ಕಂಪನಿ ಬಿಡಲಿಲ್ಲ.

ರೋಬೋಟ್ ಅನ್ನುವ ಮಾತು ಹುಟ್ಟಿದ್ದೂ ಈ ಜಾವಾ ಗಾಡಿಯ ಸೀಮೆಯಲ್ಲೇ. ಜೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ 1920 ರಲ್ಲಿ ಬರೆದ ಒಂದು ನಾಟಕದಲ್ಲಿ ಆ ಮಾತು ಮೊದಲು ಬಂತು. ಅದರ ಮೂಲ 'ರೊಬೊತಾ'. ಅಂದರೆ ಜಮೀನುದಾರನಿಗೆ ಒಕ್ಕಲು ಮಾಡಿಕೊಡಬೇಕಾಗಿದ್ದ ಬಿಟ್ಟಿ ಚಾಕರಿ. ಹೆಸರಿನ ಅರ್ಥವೇ ಹಾಗಿದ್ದದ್ದರಿಂದಲೋ ಏನೋ, ನಿಜವಾದ ರೋಬೋಟಿಗೂ ಮೊದಲು ಸಿಕ್ಕಿದ್ದು ಮನುಷ್ಯನಿಗೆ ಬೇಡವಾದ ಕೆಲಸವೇ. 1961 ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಯೂನಿಮೇಟ್ ಅನ್ನುವ ಯಂತ್ರತೋಳನ್ನು ನಿಲ್ಲಿಸಿದರು. ಅಚ್ಚಿನಿಂದ ಆಗತಾನೇ ಹೊರಬಂದ, ಸುಡುಸುಡು ಲೋಹದ ತುಂಡುಗಳನ್ನು ಎತ್ತಿಡುವುದು ಅದರ ಕೆಲಸ. ಜಪಾನಿನಲ್ಲಿ ಅದರ ಪರವಾನಗಿ ಪಡೆದು 1969 ರಲ್ಲಿ ರೋಬೋಟ್ ತಯಾರಿಸಿದ್ದು ಕವಾಸಾಕಿ. ಅದೂ ಮೋಟಾರ್ ಸೈಕಲ್ ಮಾಡುವ ಕಂಪನಿಯೇ.

ನಮ್ಮ ಹೊಸೂರಿನಲ್ಲಿ ಟಿವಿಎಸ್ 50 ಮೊಪೆಡ್ ತಯಾರಾಗಿ ಹೊರಬಂದದ್ದು 1980 ರಲ್ಲಿ. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಹುಲ್ಲಿನ ಹೊರೆ ಎಲ್ಲಾ ಹೊತ್ತ ಗಾಡಿ ಅದು. ಆಮೇಲೆ ಜಪಾನಿನ ಸುಜುಕಿ ಜೊತೆ ಸೇರಿ 1984 ರಲ್ಲಿ 100 ಸಿಸಿ ಮೋಟಾರ್ ಸೈಕಲ್ ಬಂತು. 2001 ರಲ್ಲಿ ಇಬ್ಬರೂ ಬೇರೆಯಾದರು. 2013 ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಜೊತೆ ಒಪ್ಪಂದವಾಗಿ, ಅವರ 310 ಸಿಸಿ ಗಾಡಿಗಳೂ ಹೊಸೂರಿನಲ್ಲೇ ತಯಾರಾಗತೊಡಗಿದವು. ಹೀಗೆ ಮೊಪೆಡ್ಡಿನಿಂದ ಜರ್ಮನಿಯ ಗಾಡಿಯವರೆಗೆ ಒಂದೇ ಊರಿನಲ್ಲಿ ನಡೆದ ಬದಲಾವಣೆ ಇದು.

ಇವತ್ತಿನ ದೊಡ್ಡ ಮೋಟಾರ್ ಸೈಕಲ್ ಕಾರ್ಖಾನೆಗಳಲ್ಲಿ ರೋಬೋಟು ಮುಖ್ಯವಾಗಿ ಎರಡು ಕಡೆ ಕಾಣುತ್ತದೆ. ಒಂದು ವೆಲ್ಡಿಂಗು. ನಮ್ಮೂರ ವೆಲ್ಡಿಂಗ್ ಅಂಗಡಿಯವರನ್ನು ಕೇಳಿ ನೋಡಿ. ಬೆಳಕು ನೋಡಿದ ದಿನ ರಾತ್ರಿಯೆಲ್ಲ ಕಣ್ಣಿಗೆ ಮರಳು ಬಿದ್ದಂಗೆ ಆಗುತ್ತೆ ಅಂತಾರೆ. ಹೊಗೆ ಬೇರೆ. ದಿನಕ್ಕೆ ಸಾವಿರಾರು ಚೌಕಟ್ಟು ಬೆಸೆಯಬೇಕಾದ ಕಡೆ, ಸಾವಿರನೇ ಬೆಸುಗೆಯೂ ಮೊದಲನೆಯದರ ಹಾಗೇ ಇರಬೇಕಾದ ಕಡೆ, ಯಂತ್ರತೋಳು ವಾಸಿ. ಎರಡನೆಯದು ಬಣ್ಣ. ಬಣ್ಣದ ಹಬೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಜೊತೆಗೆ ಎಲ್ಲಾ ಕಡೆ ಒಂದೇ ದಪ್ಪಕ್ಕೆ ಬಣ್ಣ ಕೂರಬೇಕು. ಇವೆರಡರ ಜೊತೆಗೆ ಇಂಜಿನ್ ಭಾಗಗಳನ್ನು ಕೊರೆದು ಕಡೆಯುವ ಕೆಲಸವನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳು ಮಾಡುತ್ತವೆ.

ಹಾಗಾದರೆ ಜೋಡಣೆ? ಅದು ಬಹುಪಾಲು ಇನ್ನೂ ಮನುಷ್ಯರ ಕೈಯಲ್ಲೇ ಇದೆ. ಕಾರಣ ಸರಳ. ರೋಬೋಟಿಗೆ ಗಟ್ಟಿಯಾದ, ಹೇಳಿದ ಜಾಗದಲ್ಲಿ ಹೇಳಿದ ಹಾಗೆ ಕೂತಿರುವ ವಸ್ತು ಬೇಕು. ವಯರು, ಬ್ರೇಕ್ ಕೇಬಲ್ಲು, ರಬ್ಬರ್ ಪೈಪು, ಇವೆಲ್ಲ ಬಳುಕುತ್ತವೆ. ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುವುದಿಲ್ಲ. ನಮ್ಮ ತೋಟದ ಲೆಕ್ಕದಲ್ಲೇ ಹೇಳಬೇಕೆಂದರೆ, ಉಳುವುದಕ್ಕೆ ಟ್ರಾಕ್ಟರ್ ಬಂತು, ರಾಗಿ ಕೊಯ್ಯುವುದಕ್ಕೂ ಮಿಷನ್ ಬಂತು. ಆದರೆ ಗುಲಾಬಿ ಬಿಡಿಸುವುದಕ್ಕೆ ಕೈಯೇ ಬೇಕು. ಹ್ಯಾಂಡಲಿನ ಕೆಳಗೆ ಹತ್ತಾರು ವಯರುಗಳನ್ನು ಸಿಕ್ಕಾಗದಂತೆ ಹಾಯಿಸುವುದೂ ಅಂಥದ್ದೇ ಕೆಲಸ. ಇದಲ್ಲದೆ ಒಂದೇ ಸಾಲಿನಲ್ಲಿ ಬೇರೆ ಬೇರೆ ಮಾದರಿಯ ಗಾಡಿಗಳು ಬರುತ್ತವೆ. ಮನುಷ್ಯನಾದರೆ ನೋಡಿದ ತಕ್ಷಣ ಕೈ ಬದಲಾಯಿಸಿಕೊಳ್ಳುತ್ತಾನೆ.

ಕೆಲವು ಕಡೆ ಇಬ್ಬರೂ ಪಕ್ಕಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಾರೆ. ಪುಣೆ ಹತ್ತಿರದ ಚಾಕಣದ ಬಜಾಜ್ ಕಾರ್ಖಾನೆಯಲ್ಲಿ ಬೇಲಿಯಿಲ್ಲದೆ ಮನುಷ್ಯರ ಪಕ್ಕ ನಿಲ್ಲಬಲ್ಲ ಸಣ್ಣ ರೋಬೋಟುಗಳನ್ನು ತಂದರು. ಬೋಲ್ಟ್ ಬಿಗಿಯುವ ಶ್ರಮವನ್ನು ಅವು ತೆಗೆದುಕೊಂಡವು. ಅಲ್ಲಿ ಸಾಲಿನಲ್ಲಿ ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ ಪೋಚಂಪಳ್ಳಿ ಹತ್ತಿರ 2021 ರಲ್ಲಿ ಓಲಾ ಎಲೆಕ್ಟ್ರಿಕ್ ಸ್ಕೂಟರ್ ಕಾರ್ಖಾನೆ ಎದ್ದಾಗ, ಸಾವಿರಾರು ರೋಬೋಟು, ಜೊತೆಗೆ ಪೂರ್ತಿ ಹೆಣ್ಣುಮಕ್ಕಳೇ ಕೆಲಸಗಾರರು ಅಂತ ಕಂಪನಿ ಪ್ರಕಟಿಸಿತ್ತು.

ಈಗ ಒಂದು ವಿಷಯ ಯೋಚನೆ ಮಾಡಬೇಕು. ರೆಡ್ಡಿಚ್ಚಿನ ಕಾರ್ಖಾನೆ 1967 ರಲ್ಲಿ ಮುಚ್ಚಿತು. ಮೈಸೂರಿನ ಜಾವಾ 1996 ರಲ್ಲಿ ಮುಚ್ಚಿತು. ಎರಡು ಕಡೆಯೂ ಕೈಕೆಲಸಕ್ಕೆ ಹೆಸರಾದ ಜನರಿದ್ದರು. ಎರಡನ್ನೂ ಮುಚ್ಚಿಸಿದ್ದು ರೋಬೋಟಲ್ಲ. ರೆಡ್ಡಿಚ್ಚಿನವರ ಮಾರುಕಟ್ಟೆ ಕೈಬಿಟ್ಟಿತು. ಮೈಸೂರಿನವರು ಎರಡು ಸ್ಟ್ರೋಕಿನ ಹಳೇ ಇಂಜಿನ್ನನ್ನೇ ನೆಚ್ಚಿಕೊಂಡಿದ್ದಾಗ, ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಜಪಾನಿ ತಂತ್ರದ ಗಾಡಿಗಳು ಬಂದವು. ಹೊಗೆಯ ಕಾನೂನೂ ಬಿಗಿಯಾಯಿತು. ಕೈ ಎಷ್ಟೇ ಒಳ್ಳೆಯದಿದ್ದರೂ, ಮಾಡುವ ವಸ್ತು ಹಳತಾದರೆ ಆ ಕೈಗೆ ಕೆಲಸವಿಲ್ಲ. ಅದೇ ಬುಲೆಟ್ಟು ಮದ್ರಾಸಿನಲ್ಲಿ ಹೊಸ ಇಂಜಿನ್, ಹೊಸ ಯಂತ್ರ ಹಾಕಿಕೊಂಡು ಬದುಕಿತು. ಹೊಸ ಕಾರ್ಖಾನೆಗಳು ಎದ್ದವು, ಜನಕ್ಕೂ ಕೆಲಸ ಸಿಕ್ಕಿತು.

ಹಾಗಂತ ರೋಬೋಟಿನಿಂದ ನಷ್ಟವೇ ಇಲ್ಲ ಅನ್ನುವುದು ಸುಳ್ಳಾಗುತ್ತದೆ. ಒಂದು ಗಾಡಿಗೆ ಬೇಕಾಗುವ ಕೈಗಳು ಕಮ್ಮಿಯಾಗುತ್ತಿವೆ. ಮೊದಲು ಹತ್ತು ಜನ ವೆಲ್ಡರ್‌ಗಳಿದ್ದ ಜಾಗದಲ್ಲಿ ಇಬ್ಬರು ಯಂತ್ರ ನೋಡಿಕೊಂಡರೆ ಉಳಿದವರು ಬೇರೆ ದಾರಿ ಹುಡುಕಬೇಕು. ಕಾಯಂ ಕೆಲಸದ ಬದಲು ಗುತ್ತಿಗೆ, ಅಪ್ರೆಂಟಿಸು ಅಂತ ಎರಡು ಮೂರು ವರ್ಷ ದುಡಿಸಿ ಕಳಿಸುವುದು ಈ ಉದ್ಯಮದಲ್ಲಿ ಎಲ್ಲೆಡೆ ಬೆಳೆದಿದೆ. ಸಾಲಿನಲ್ಲಿ ಒಂದೇ ಬೋಲ್ಟ್ ಬಿಗಿದು ಮೂರು ವರ್ಷ ಕಳೆದ ಹುಡುಗ ಹೊರಗೆ ಬಂದಾಗ ಅವನ ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ, ವಿದ್ಯೆ ಇರುವುದಿಲ್ಲ. ಇಡೀ ಗಾಡಿ ಬಿಚ್ಚಿ ಕೂರಿಸುವ ವಿದ್ಯೆ ಈಗ ಹೆಚ್ಚಾಗಿ ಉಳಿದಿರುವುದು ರಸ್ತೆ ಬದಿಯ ಮೆಕ್ಯಾನಿಕ್ ಹತ್ತಿರ.

ಇನ್ನೊಂದು ಸಂಗತಿಯನ್ನು ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕು. ರೋಬೋಟು ತಾನಾಗಿ ಏನೂ ಕಲಿತು ಬಂದಿರುವುದಿಲ್ಲ. ಕೈಯಲ್ಲಿ ಹಿಡಿಯುವ ಗುಂಡಿಗಳ ಹಲಗೆಯಿಂದ ಅದರ ತೋಳನ್ನು ಬಿಂದುವಿನಿಂದ ಬಿಂದುವಿಗೆ ನಡೆಸಿ, ಇಲ್ಲಿ ಶುರುಮಾಡು, ಇಷ್ಟು ವೇಗದಲ್ಲಿ ಹೋಗು, ಇಲ್ಲಿ ನಿಲ್ಲಿಸು ಅಂತ ಒಬ್ಬರು ಕಲಿಸಬೇಕು. ಒಳ್ಳೆಯ ಬೆಸುಗೆ ಯಾವುದು, ಕೆಟ್ಟದ್ದು ಯಾವುದು ಅಂತ ಕಣ್ಣಿಗೆ ಗೊತ್ತಿದ್ದವನು ಅದನ್ನು ಚೆನ್ನಾಗಿ ಕಲಿಸುತ್ತಾನೆ. ವೆಲ್ಡಿಂಗೇ ಗೊತ್ತಿಲ್ಲದವನು ಗುಂಡಿ ಒತ್ತಬಲ್ಲ, ತಪ್ಪು ಹಿಡಿಯಲಾರ.

ಆದ್ದರಿಂದ ಐಟಿಐಗೆ ಹಾಕಬೇಕೋ ಬೇಡವೋ ಅನ್ನುವ ಅಪ್ಪಂದಿರಿಗೆ ಹೇಳಬೇಕಾದದ್ದು ಇಷ್ಟು. ಹಾಕಿ. ಆದರೆ ಅರ ಹಿಡಿಯುವುದನ್ನು, ಅಳೆಯುವುದನ್ನು, ಬೆಸೆಯುವುದನ್ನು ಸರಿಯಾಗಿ ಕಲಿಸುವ ಕಡೆ ಹಾಕಿ, ಅದರ ಮೇಲೆ ಯಂತ್ರಕ್ಕೆ ಕಲಿಸುವ ವಿದ್ಯೆಯನ್ನೂ ಕಲಿಯಲು ಹೇಳಿ. ಮಗನೋ ಮಗಳೋ ಕೆಲಸಕ್ಕೆ ಸೇರಿದ ಮೇಲೆ, ಸಂಬಳ ಎಷ್ಟು ಅಂತ ಕೇಳುವ ಜೊತೆಗೆ, ಅಲ್ಲಿ ಏನು ಕಲಿಸ್ತಾರೆ, ಒಂದೇ ಜಾಗದಲ್ಲಿ ನಿಲ್ಲಿಸ್ತಾರೋ ಬೇರೆ ಬೇರೆ ಕಡೆಗೂ ಕಳಿಸ್ತಾರೋ ಅಂತಲೂ ಕೇಳಿ. ಮೂರು ವರ್ಷ ಕಳೆದು ವಾಪಸ್ಸು ಬರುವಾಗ ಆ ಮಗುವಿನ ಕೈಯಲ್ಲಿ ಏನಿರುತ್ತದೆ ಅನ್ನುವುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.